ಕುಂದ್ರಾಕ ಜಾಗ ಇಲ್ಲದ ರಾಗ

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿ ಇದೆ. ಕೆಲವು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಿಟ್ಟಿನ ಗಿರಣಿಯ ಮೋಟರಿಗೆ ಕಾಯಿಲ್ ಸುತ್ತುತ್ತಾ ಕೂತಿದ್ದೆ. ಒಂದೊಂದು ಕಾಯಿಲ್‌ಗೂ 42 ಸುತ್ತು. ಕೈ ಹ್ಯಾಂಡಲ್ ತಿರುಗಿಸುತ್ತಿರುತ್ತದೆ, ಮನಸ್ಸು ಒಳಗೊಳಗೇ ಎಣಿಸುತ್ತಿರುತ್ತದೆ. ರೇಡಿಯೊ ಯಾವಾಗಲೂ ಧಾರವಾಡ ಆಕಾಶವಾಣಿಗೆ ಹಚ್ಚಿದ್ದು. ಅದರಲ್ಲಿ ಬರುವ ಶಾಸ್ತ್ರೀಯ ಸಂಗೀತ ನನಗೆ ಫ್ಯಾನಿನ ಸಪ್ಪಳ ಇದ್ದ ಹಾಗೆ. ಇರುತ್ತಿತ್ತು, ಕೇಳುತ್ತಿರಲಿಲ್ಲ.

ಆವತ್ತು ಮಧ್ಯದಲ್ಲೇ ಲೆಕ್ಕ ತಪ್ಪಿತು.

ವಯಸ್ಸಾದ ದನಿ. ನುಣುಪೇನೂ ಇರಲಿಲ್ಲ. ಸ್ವರಗಳ ಒಂದು ಎಳೆ ಹಿಡಿದು ಹೊರಟರು. ಇಲ್ಲಿ ನಿಲ್ಲುತ್ತಾರೆ ಅಂದುಕೊಂಡ ಜಾಗದಲ್ಲಿ ನಿಲ್ಲಲಿಲ್ಲ. ಅದೇ ಉಸಿರಿನಲ್ಲಿ ಹೊರಳಿದರು, ಮೇಲೆ ಹೋದರು, ಮತ್ತೆ ಹೊರಳಿದರು. ನನ್ನ ಉಸಿರೇ ಕಟ್ಟಿದ ಹಾಗಾಯಿತು. ಕೊನೆಗೆ ಒಂದು ಕಡೆ ಧಪ್ ಅಂತ ಇಳಿದರು ನೋಡಿ, ನನ್ನ ಕೈಯಲ್ಲಿದ್ದ ತಾಮ್ರದ ತಂತಿ ಸಡಿಲಾಗಿ ಬಿತ್ತು. ಎಷ್ಟು ಸುತ್ತು ಆಗಿತ್ತೋ ಗೊತ್ತಾಗಲಿಲ್ಲ. ಆ ಕಾಯಿಲ್ ಬಿಚ್ಚಿ ಮೊದಲಿನಿಂದ ಸುತ್ತಬೇಕಾಯಿತು.

ಹಾಡು ಮುಗಿದ ಮೇಲೆ ಹೆಸರು ಹೇಳಿದರು. ಮಲ್ಲಿಕಾರ್ಜುನ ಮನ್ಸೂರ. ರಾಗದ ಹೆಸರು ಹೇಳುವಾಗ ಪಕ್ಕದ ಅಂಗಡಿಯವರು ಗ್ರೈಂಡರ್ ಹಚ್ಚಿದರು. ಅದು ಯಾವ ರಾಗ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ಮನ್ಸೂರರ ಹೆಸರು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಧಾರವಾಡದ ಪಕ್ಕದ ಮನ್ಸೂರಿನಲ್ಲಿ 1910ರಲ್ಲಿ ಹುಟ್ಟಿದವರು, 1992ರಲ್ಲಿ ತೀರಿಕೊಂಡರು. ಅವರು ಹಾಡಿದ ವಚನಗಳನ್ನು ನಮ್ಮ ಮನೆಯಲ್ಲಿ ಎಲ್ಲರೂ ಕೇಳುತ್ತಿದ್ದೆವು. ಆದರೆ ಅವರ ಖ್ಯಾಲ್, ಅಂದರೆ ಹಿಂದೂಸ್ತಾನಿ ರಾಗದ ಹಾಡಿಕೆ, ಬಂತು ಅಂದರೆ ಯಾರಾದರೂ ಎದ್ದು ಸ್ಟೇಷನ್ ಬದಲಾಯಿಸುತ್ತಿದ್ದರು. ವಚನದಲ್ಲಿ ಹಿಡಿದುಕೊಳ್ಳಲು ಮಾತು ಇರುತ್ತದೆ. ಖ್ಯಾಲ್‌ನಲ್ಲಿ ಎರಡು ಸಾಲಿನ ಸಾಹಿತ್ಯ, ಅದಕ್ಕೆ ಚೀಜ್ ಅನ್ನುತ್ತಾರೆ, ಅದೂ ನಮ್ಮದಲ್ಲದ ಭಾಷೆ, ಅದನ್ನೇ ಅರ್ಧ ಗಂಟೆ ಹಾಡುತ್ತಾರೆ. ಹೊಸಬನಿಗೆ ಎಲ್ಲಿ ಕೈ ಹಾಕಬೇಕು ಅಂತಲೇ ತಿಳಿಯುವುದಿಲ್ಲ. ಅದರಲ್ಲೂ ಮನ್ಸೂರರದ್ದು ಜೈಪುರ–ಅತ್ರೌಲಿ ಘರಾಣೆ, ಅಂದರೆ ಆ ಗುರುಪರಂಪರೆ. ಆ ಘರಾಣೆ ಕಟ್ಟಿದ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಆಮೇಲೆ ಭುರ್ಜಿ ಖಾನ್, ಇಬ್ಬರ ಹತ್ತಿರ ಕಲಿತವರು. ಅಪರೂಪದ ರಾಗ, ಜೋಡು ರಾಗ, ಬಿಡುವಿಲ್ಲದ ತಾನ್ ಅಂದರೆ ಸ್ವರಗಳ ವೇಗದ ಓಟ, ಇವೇ ಆ ಘರಾಣೆಯ ಆಸ್ತಿ. ಬಸಂತಿ ಕೇದಾರ ಅಂದರೆ ಬಸಂತ್ ಮತ್ತು ಕೇದಾರ ಎರಡನ್ನೂ ಒಂದೇ ಹಾಡಿಕೆಯಲ್ಲಿ ಹೆಣೆಯುವುದು. ಇವೆಲ್ಲ ನನಗೆ ಆಮೇಲೆ ಗೊತ್ತಾದ ವಿಷಯ. ಆವತ್ತು ಗೊತ್ತಿದ್ದದ್ದು ಒಂದೇ, ಇನ್ನೊಮ್ಮೆ ಕೇಳಬೇಕು.

ಕೇಳಿದೆ. ಫೋನಿನಲ್ಲಿ, ಅಂಗಡಿಯಲ್ಲಿ, ರಾತ್ರಿ ಮನೆಯ ಜಗುಲಿ ಮೇಲೆ ಕೂತು. ಸುಮಾರು ಆರು ತಿಂಗಳು ಹೀಗೇ ನಡೆಯಿತು. ಏನೂ ತಿಳಿಯುತ್ತಿರಲಿಲ್ಲ, ತುಂಬಾ ಖುಷಿ ಆಗುತ್ತಿತ್ತು.

ಆಮೇಲೆ ಒಂದು ಭಾನುವಾರ ಧಾರವಾಡಕ್ಕೆ ಕಛೇರಿ ಕೇಳಲು ಹೋದೆ. ಎದುರಿಗೆ ಕೂತು ಕೇಳುವುದು ಅದೇ ಮೊದಲು. ತಂಬೂರಿ ಶ್ರುತಿ ಮಾಡುವಾಗಲೇ ಮೈ ಜುಂ ಅಂದಿತ್ತು. ಹಾಡು ಶುರುವಾಗಿ ಇಪ್ಪತ್ತು ನಿಮಿಷ ಆಗಿರಬೇಕು, ನನಗೆ ಗೊತ್ತಿಲ್ಲದೇ ತಲೆ ತೂಗುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಬಗ್ಗಿ ಕೇಳಿದರು, "ಯಾವ ರಾಗ ರೀ ಇದು?" ಅವರಿಗೆ ಗೊತ್ತಿಲ್ಲದೆ ಕೇಳುತ್ತಿದ್ದಾರೆ ಅಂದುಕೊಂಡು, "ನನಗೂ ಗೊತ್ತಿಲ್ರಿ" ಅಂದೆ.

"ರಾಗ ತಿಳೀಲಾರದ ತಲಿ ಯಾಕ ತೂಗ್ತೀರಿ ಮತ್ತ?"

ಮೆಲ್ಲಗೇ ಅಂದರು. ಮುಂದಿನ ಸಾಲಿನ ಇಬ್ಬರು ತಿರುಗಿ ನೋಡಿದರು. ನನ್ನ ಕಿವಿ ಬಿಸಿಯಾಯಿತು. ಮುಂದೆ ಅರ್ಧ ಗಂಟೆ ಅಲ್ಲೇ ಕೂತಿದ್ದೆ, ಒಂದು ಸ್ವರವೂ ಕೇಳಿಸಲಿಲ್ಲ. ತಲೆ ಅಲುಗಾಡದ ಹಾಗೆ ಹಿಡಿದುಕೊಂಡು ಕೂತಿದ್ದೇ ಆಯಿತು. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ವಾಪಸು ಬರುವಾಗ ನನಗೆ ಅನ್ನಿಸಿದ್ದು, ಅವರು ಹೇಳಿದ್ದು ಖರೆ ಇರಬೇಕು. ನಾನು ಇಷ್ಟು ದಿನ ಅನುಭವಿಸಿದ್ದು ನನ್ನದಲ್ಲದ ವಸ್ತು. ಮೊದಲು ಅದನ್ನು ಗಳಿಸಬೇಕು.

ಒಂದೇ ವಾರದಲ್ಲಿ ಕ್ಲಾಸಿಗೆ ಸೇರಿದೆ. ಮಂಗಳವಾರ, ಶುಕ್ರವಾರ ಸಂಜೆ. ನಮ್ಮ ಸರ್ ತುಂಬಾ ತಾಳ್ಮೆಯ ಮನುಷ್ಯ. ಹಾರ್ಮೋನಿಯಂ ಪೇಟಿ ಮುಂದಿಟ್ಟುಕೊಂಡು ಸಾ ಹಿಡಿಸಿದರು, ಭೂಪ ರಾಗ ಕಲಿಸಿದರು, ಚಪ್ಪಾಳೆ ತಟ್ಟಿಸಿ ತೀನತಾಲ ಅನ್ನುವ ತಾಳದ 16 ಮಾತ್ರೆ ಎಣಿಸಿದರು. ನಾನು ಅದಕ್ಕಿಂತ ಜಾಸ್ತಿ ಅವಸರದಲ್ಲಿದ್ದೆ. ರಾಗಗಳನ್ನು ವಿಂಗಡಿಸುವ ಹತ್ತು ಥಾಟ್‌ಗಳ ಪಟ್ಟಿ ಬರೆದು ಅಂಗಡಿ ಗೋಡೆಗೆ ಅಂಟಿಸಿದೆ. ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಆರೋಹ, ಅವರೋಹ, ವಾದಿ, ಸಂವಾದಿ, ಹಾಡುವ ಹೊತ್ತು ಎಲ್ಲ ಗೆರೆ ಎಳೆದು ಬರೆದೆ. ಒಂದು ವರ್ಷದಲ್ಲಿ ನೋಟ್‌ಬುಕ್ ತುಂಬಿತು.

ಅದರಲ್ಲಿ ಕೆಲವು ಸಂಗತಿ ನಿಜಕ್ಕೂ ಬೆರಗು ಹುಟ್ಟಿಸಿದವು. ಭೂಪದಲ್ಲಿ ಇರುವುದು ಐದೇ ಸ್ವರ, ಸಾ ರಿ ಗ ಪ ಧ. ದೇಶಕಾರದಲ್ಲೂ ಅವೇ ಐದು. ಆದರೆ ಭೂಪ ಸಂಜೆಯ ರಾಗ, ಗಾಂಧಾರದ ಮೇಲೆ ನಿಲ್ಲುತ್ತದೆ. ದೇಶಕಾರ ಬೆಳಗಿನದು, ಧೈವತದ ಕಡೆ ವಾಲುತ್ತದೆ. ಅದೇ ಐದು ಕಲ್ಲು, ಮನೆ ಬೇರೆ. ಸರ್ ಎರಡನ್ನೂ ಒಂದರ ಹಿಂದೆ ಒಂದು ಹಾಡಿ ತೋರಿಸಿದಾಗ ನಾನು ಸುಮ್ನೆ ಅವರ ಮುಖ ನೋಡುತ್ತಾ ಕೂತುಬಿಟ್ಟೆ.

ಆದರೆ ಕೇಳುವುದು ಏನಾಯಿತು? ಅದೇ ಹೇಳಬೇಕಾದ್ದು. ಯಾವ ಹಾಡು ಹಚ್ಚಿದರೂ ಮೊದಲ ಎರಡು ನಿಮಿಷ ಹೆಸರು ಹುಡುಕುವುದು. ಮಧ್ಯಮ (ಮ) ಶುದ್ಧವೋ ತೀವ್ರವೋ, ನಿಷಾದ (ನಿ) ಒಂದೋ ಎರಡೋ. ಹೆಸರು ಸಿಕ್ಕಿತು ಅಂದರೆ ಸಮಾಧಾನ, ಆಮೇಲೆ ಗಮನ ಬೇರೆ ಕಡೆ. ಸಿಗದಿದ್ದರೆ ಸಿಟ್ಟು. ಮೊದಲು ಜಗುಲಿ ಮೇಲೆ ಕೂತು ಕೇಳುತ್ತಿದ್ದವನಿಗೆ ಈಗ ಕೈಯಲ್ಲಿ ನೋಟ್‌ಬುಕ್ ಇಲ್ಲದೆ ಕೇಳಲು ಆಗುತ್ತಿರಲಿಲ್ಲ.

ಒಂದು ರಾತ್ರಿ ಜೈಪುರ ಘರಾಣೆಯ ಒಂದು ಹಳೆಯ ಧ್ವನಿಮುದ್ರಣ ಕೇಳುತ್ತಿದ್ದೆ. ಕೋಮಲ ಗಾಂಧಾರ, ಕೋಮಲ ಧೈವತ, ಕೋಮಲ ನಿಷಾದ. ಮಾಲಕಂಸ ಅಂತ ಬರೆದುಕೊಂಡೆ. ಮಾಲಕಂಸದಲ್ಲಿ ರಿಷಭ (ರಿ), ಪಂಚಮ (ಪ) ಎರಡೂ ಇಲ್ಲ, ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಹಾಕಿಟ್ಟಿದ್ದೆ. ಅಷ್ಟರಲ್ಲಿ ಪಂಚಮ ಬಂತು. ಸ್ವಲ್ಪ ಹೊತ್ತಿಗೆ ರಿಷಭವೂ ಬಂತು. ಇಷ್ಟು ದೊಡ್ಡ ಗಾಯಕರು ತಪ್ಪಿದರಲ್ಲ ಅಂದುಕೊಂಡೆ. ತಪ್ಪು ಹಿಡಿದ ಹೆಮ್ಮೆಯೂ ಆಯಿತು. ಮರುದಿನ ಸರ್ ಹೇಳಿದರು, ಅದು ಸಂಪೂರ್ಣ ಮಾಲಕಂಸ. ಏಳೂ ಸ್ವರ ಇರುವ ಮಾಲಕಂಸ. ಆ ಘರಾಣೆಯವರು ಪ್ರೀತಿಯಿಂದ ಕಾಪಾಡಿಕೊಂಡು ಬಂದ ರಾಗ.

ನನಗೆ ರಾಗ ಗೊತ್ತಾಗಲಿಲ್ಲ ಅನ್ನುವುದು ದೊಡ್ಡ ವಿಷಯವಲ್ಲ. ಮನಸ್ಸಿಗೆ ಚುಚ್ಚಿದ್ದು ಬೇರೆ. ಒಂದು ವರ್ಷದ ಹಿಂದೆ ಇದನ್ನೇ ಕೇಳಿದ್ದರೆ ಆ ಪಂಚಮ ಬಂದಾಗ ನನಗೆ ಏನಾದರೂ ಆಗುತ್ತಿತ್ತು. ಮೈಯಲ್ಲಿ ಏನಾದರೂ ಅಲ್ಲಾಡುತ್ತಿತ್ತು. ಈಗ ತಪ್ಪು ಅಂತ ಗುರುತು ಹಾಕಿದೆ, ಅಷ್ಟೇ.

ಕ್ಲಾಸಿಗೆ ಹೋಗುವುದು ಬಿಟ್ಟೆ. ಅಂಗಡಿಯಲ್ಲಿ ಸಿನಿಮಾ ಹಾಡು ಹಚ್ಚಿದೆ. ಒಂದು ತಿಂಗಳಾದ ಮೇಲೆ ಸರ್ ತಾವೇ ಅಂಗಡಿಗೆ ಬಂದರು. ಮನೆಯ ಮಿಕ್ಸರ್ ರಿಪೇರಿಗೆ ತಂದಿದ್ದರು, ಆದರೆ ಬಂದದ್ದು ಅದಕ್ಕಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಚಾ ತರಿಸಿದೆ, ಗಿರಮಿಟ್ ತರಿಸಿದೆ. ನಡೆದದ್ದೆಲ್ಲ ಹೇಳಿದೆ. ಧಾರವಾಡದ ಆ ಹಿರಿಯರ ಮಾತನ್ನೂ ಹೇಳಿದೆ. ಅದನ್ನು ಅವರಿಗೆ ಅಲ್ಲಿಯವರೆಗೆ ಹೇಳಿರಲಿಲ್ಲ.

ಸರ್ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಭೀಮಸೇನ ಜೋಶಿಯವರ ಕಥೆ ತೆಗೆದರು. ಗದಗ ಜಿಲ್ಲೆಯ ರೋಣದಲ್ಲಿ 1922ರಲ್ಲಿ ಹುಟ್ಟಿದ ಹುಡುಗ. ಗ್ರಾಮಫೋನ್ ತಟ್ಟೆಯಲ್ಲಿ ಗಾಯಕ ಅಬ್ದುಲ್ ಕರೀಂ ಖಾನರ ಠುಮ್ರಿ ಕೇಳಿದ. ಝಿಂಜೋಟಿ ರಾಗದ್ದು. ಇದೇ ಕಲಿಯಬೇಕು ಅಂತ ತಲೆಗೆ ಹತ್ತಿತು. 11ನೇ ವಯಸ್ಸಿಗೆ ಮನೆ ಬಿಟ್ಟು ಹೊರಟೇಬಿಟ್ಟ. "ಆ ಹುಡುಗಗ ಝಿಂಜೋಟಿ ಲಕ್ಷಣ ಯಾರು ಕೇಳಿದ್ರು?" ಅಂದರು ಸರ್. "ಆದರ ಮುಂದ ಕುಂದಗೋಳಕ್ಕ ಬಂದಾಗ ಗುರು ಸವಾಯಿ ಗಂಧರ್ವರು ತೋಡಿ, ಮುಲ್ತಾನಿ, ಪೂರಿಯಾ ಇವನ್ನ ವರ್ಷಗಟ್ಟಲೆ ತಿಕ್ಕಿಸಿದರು. ಅದೂ ಖರೇನ. ಯಾವುದು ಮೊದಲು ಆತು ನೋಡು."

ಅಷ್ಟು ಹೇಳಿ ಮಿಕ್ಸರ್ ಬಿಟ್ಟು ಹೋದರು.

ಈ ಮಾತಿನ ಮೇಲೆ ನಾನು ತುಂಬಾ ಯೋಚಿಸಿದ್ದೇನೆ. ತಿಳಿವಳಿಕೆ ಇಲ್ಲದೆ ಕೇಳಬಾರದು ಅನ್ನುವವರು ಒಂದು ಕಡೆ ಇದ್ದಾರೆ. ಬುದ್ಧಿ ಬದಿಗಿಡಿ, ಸುಮ್ನೆ ಅನುಭವಿಸಿ, ವಿಶ್ಲೇಷಣೆ ಮಾಡಿದರೆ ರಸ ಹೋಗುತ್ತದೆ ಅನ್ನುವವರು ಇನ್ನೊಂದು ಕಡೆ. ಎರಡನೆಯವರ ಮಾತು ಕೇಳಲು ಹಿತ, ಆದರೆ ಅದನ್ನೂ ನಾನು ಒಪ್ಪುವುದಿಲ್ಲ. ನನ್ನ ಕಸುಬೇ ಕಿವಿಯ ಕಸುಬು. ಮೋಟರ್ ಓಡುವಾಗ ಬೇರಿಂಗ್ ಇರುವ ಕಡೆ ಸ್ಕ್ರೂಡ್ರೈವರ್ ತುದಿ ಇಟ್ಟು ಹಿಡಿಕೆಯನ್ನು ಕಿವಿಗೆ ಒತ್ತಿ ಕೇಳುತ್ತೇನೆ. ಹೊಸಬರಿಗೆ ಅದು ಬರೀ ಗುಂಯ್ ಅನ್ನುವ ಸದ್ದು. ನನಗೆ ಅದರೊಳಗೆ ಸಣ್ಣಗೆ ಕರಕರ ಕೇಳಿಸುತ್ತದೆ. ಯಾಕೆ ಅಂದರೆ ಸವೆದ ಬೇರಿಂಗನ್ನು ನೂರಾರು ಸಲ ಕೈಯಲ್ಲಿ ಹಿಡಿದು ನೋಡಿದ್ದೇನೆ. ತಿಳಿವಳಿಕೆ ನನ್ನ ಕಿವಿಯನ್ನು ಕೆಡಿಸಿಲ್ಲ, ಹರಿತ ಮಾಡಿದೆ. ಸಂಗೀತದಲ್ಲಿ ಮಾತ್ರ ಕೆಡಿಸಿತು ಯಾಕೆ? ಕಸುಬಿನಲ್ಲಿ ಮೊದಲು ಸದ್ದು ನನ್ನನ್ನು ಕಾಡಿತ್ತು, ಆಮೇಲೆ ಬಿಚ್ಚಿ ನೋಡಿದ್ದೆ. ಇಲ್ಲಿ ಕಾಡುವ ಮೊದಲೇ ಬಿಚ್ಚತೊಡಗಿದ್ದೆ. ಅದೂ ಇನ್ಯಾರೋ ಕೇಳಿದ ಪ್ರಶ್ನೆಗೆ ಉತ್ತರ ಒಪ್ಪಿಸಲು.

ಮತ್ತೆ ಕೇಳಲು ಶುರು ಮಾಡಿದ್ದು ನಮ್ಮ ಅಂಗಡಿಯ ಹುಡುಗನಿಂದ. ಹಾನಗಲ್ ಕಡೆಯವನು, ಹತ್ತೊಂಬತ್ತು ವರ್ಷ. ಗಾಯಕಿ ಗಂಗೂಬಾಯಿ ಹಾನಗಲ್ ಅವರ ಹೆಸರಿನಲ್ಲಿ ತನ್ನೂರು ಇದೆ ಅನ್ನುವುದು ಬಿಟ್ಟರೆ ಅವನಿಗೆ ಈ ಸಂಗೀತದ ಗಂಧವೇ ಇರಲಿಲ್ಲ. ಒಂದು ದಿನ ತಾನೇ ಕೇಳಿದ, "ಅಣ್ಣಾ, ಆ ಮುದುಕರದು ಹಚ್ಚೂದು ಬಿಟ್ಟೀರಲ್ಲ?" ಹಚ್ಚಿದೆ. ಅವನು ಸ್ಟೇಟರ್‌ನ ಸ್ಲಾಟ್‌ಗಳಿಗೆ ಬಿದಿರಿನ ಚಕ್ಕೆ ಕೂರಿಸಿ ಮರದ ಸುತ್ತಿಗೆಯಿಂದ ಬಡಿಯುತ್ತಿದ್ದ. ನಾನು ನನ್ನ ಕೆಲಸದಲ್ಲಿದ್ದೆ. ಸ್ವಲ್ಪ ಹೊತ್ತಿಗೆ ಗಮನಕ್ಕೆ ಬಂತು. ಚೀಜಿನ ಮೊದಲ ಮಾತು ತಿರುಗಿ ಬಂದು ಸಮ್, ಅಂದರೆ ತಾಳದ ಮೊದಲ ಪೆಟ್ಟು, ಬೀಳುವ ಕಡೆ ಅವನ ಸುತ್ತಿಗೆ ಬೀಳುತ್ತಿತ್ತು. ಒಂದು ಸಲ ಅಲ್ಲ, ಮೂರು ಸಲ, ನಾಲ್ಕು ಸಲ. ಅವನಿಗೇ ಅದರ ಅರಿವಿರಲಿಲ್ಲ.

ನಾನು ಏನೂ ಹೇಳಲಿಲ್ಲ. ಹೇಳಬೇಕು ಅಂತ ಬಾಯಿ ತುದಿಗೆ ಬಂದಿತ್ತು, ತಡೆದುಕೊಂಡೆ. ನಾಲ್ಕೈದು ದಿನ ಕಳೆದ ಮೇಲೆ ಅವನೇ ಕೇಳಿದ, "ಎಲ್ಲೆಲ್ಲೋ ಹೋಗ್ತಾರ, ತಿರುಗಿ ಅಲ್ಲೇ ಹೆಂಗ ಬಂದು ಬೀಳ್ತಾರ ಅಣ್ಣಾ?"

ಆಗ ಬೆರಳ ಗೆಣ್ಣು ಎಣಿಸಿ ತೋರಿಸಿದೆ. ನಾಲ್ಕು ನಾಲ್ಕರ ನಾಲ್ಕು ಭಾಗ, ಒಟ್ಟು 16. ಒಂದನೇ ಮಾತ್ರೆ ಸಮ್. ಒಂಬತ್ತರಲ್ಲಿ ಖಾಲಿ, ಅಲ್ಲಿ ತಬಲಾ ಹಗುರಾಗುತ್ತದೆ, ಗಾಯಕರಿಗೆ ಅದೇ ಗುರುತು. ಧಾ ಧಿನ್ ಧಿನ್ ಧಾ. ಅವನ ಕಣ್ಣು ಅರಳಿದ್ದನ್ನು ನಾನು ಹತ್ತಿರದಿಂದ ನೋಡಿದೆ. ನಾನು ಮೂರು ವಾರ ಉರು ಹೊಡೆದು ಕಲಿತದ್ದು ಅವನಿಗೆ ಹತ್ತು ನಿಮಿಷದಲ್ಲಿ ಬಂತು. ಅವನ ಕೈಗೆ ಅದು ಆಗಲೇ ಬಂದಿತ್ತಲ್ಲ, ಬೆರಳಿಗೆ ಲೆಕ್ಕ ಮಾತ್ರ ಕೊಟ್ಟೆ.

ಆ ವರ್ಷ ಇಬ್ಬರೂ ಕುಂದಗೋಳಕ್ಕೆ ಹೋದೆವು. ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್. ಹಿಂದೆ ಗಂಗೂಬಾಯಿ ಹಾನಗಲ್ ಅವರು ರೈಲಿನಲ್ಲಿ ಇದೇ ದಾರಿ ಹಿಡಿದು ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆ ಹೋಗುತ್ತಿದ್ದರು. 1952ರಲ್ಲಿ ತೀರಿಕೊಂಡ ಆ ಗುರುವಿನ ನೆನಪಿನಲ್ಲಿ ಅಲ್ಲಿಯ ನಾಡಗೀರ ವಾಡೆಯಲ್ಲಿ ರಾತ್ರಿಯಿಡೀ ಸಂಗೀತ ನಡೆಯುತ್ತದೆ. ಹಳೆಯ ಮರದ ಕಂಬ, ಕೆಳಗೆ ಹಾಸಿದ ಜಮಖಾನೆ. ರೈತರು, ಮಾಸ್ತರರು, ಬೇರೆ ಊರಿನಿಂದ ಬಂದವರು, ಎಲ್ಲ ಒತ್ತಿಕೊಂಡು ಕೂತಿದ್ದರು. ಕೆಲವರು ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದರು, ಮಧ್ಯದಲ್ಲಿ ಎದ್ದು "ವಾಹ್" ಅಂದು ಮತ್ತೆ ಮಲಗುತ್ತಿದ್ದರು. ಅಲ್ಲಿ ಯಾರೂ ಯಾರನ್ನೂ ರಾಗದ ಹೆಸರು ಕೇಳಲಿಲ್ಲ.

ಬೆಳಗಿನ ಜಾವ ಇನ್ನೂ ಕತ್ತಲಿತ್ತು. ಮುಂದಿನ ಗಾಯಕರು ಬಂದು ತಂಬೂರಿ ಎತ್ತಿಕೊಂಡರು. ಶ್ರುತಿ ಮಾಡುವಾಗ ಮೊದಲ ತಂತಿ ಪಂಚಮದಿಂದ ಕೆಳಗಿಳಿಯಿತು. ಇಳಿದು ಮಧ್ಯಮಕ್ಕೆ ಬಂದು ನಿಂತಿತು. ಹಾಡು ಶುರುವಾಗುವ ಮೊದಲೇ ನನ್ನ ತೋಳಿನ ಕೂದಲು ನಿಂತವು. ಈ ಹೊತ್ತಿನಲ್ಲಿ ಪಂಚಮ ಬಿಟ್ಟು ಮಧ್ಯಮಕ್ಕೆ ತಂತಿ ಇಳಿಸಿದರೆ ಬರುವುದು ಬಹುಶಃ ಲಲಿತ್. ಅದರಲ್ಲಿ ಪಂಚಮ ಇಲ್ಲ. ಎರಡು ಮಧ್ಯಮ, ಶುದ್ಧ ಮತ್ತು ತೀವ್ರ, ಒಂದರ ಮೈಗೆ ಒಂದು ತಾಗಿಕೊಂಡು ಬರುತ್ತವೆ. ನೋಟ್‌ಬುಕ್ಕಿನ ಆ ಪುಟ ನನಗೆ ನೆನಪಾಗಲಿಲ್ಲ. ತಂತಿ ಇಳಿಯುವ ಸದ್ದಿನಲ್ಲೇ ಎಲ್ಲ ಇತ್ತು. ಒಂದು ವರ್ಷ ಬರೆದದ್ದು ವ್ಯರ್ಥ ಆಗಿರಲಿಲ್ಲ. ಆ ನಡುಕ ನನಗೆ ಸಿಕ್ಕಿದ್ದು ಅದರಿಂದಲೇ.

ಹುಡುಗನಿಗೆ ಹೇಳಲಿಲ್ಲ. ಅವನು ಮೊಣಕಾಲು ತಬ್ಬಿಕೊಂಡು ಕೂತಿದ್ದ. ಆಲಾಪ ನಡೆಯಿತು. ಗಾಯಕರು ಮಧ್ಯಮದಿಂದ ಮಧ್ಯಮಕ್ಕೆ ಜಾರಿ, ಧೈವತದ ತನಕ ಹೋಗಿ, ಮತ್ತೆ ಆ ಎರಡು ಮಧ್ಯಮಗಳ ನಡುವೆ ಬಂದು ತೂಗುತ್ತಿದ್ದರು. ಹದಿನೈದು ನಿಮಿಷ ಆಗಿರಬೇಕು. ಹುಡುಗ ನನ್ನ ಕಡೆ ವಾಲಿ ಪಿಸುಗುಟ್ಟಿದ.

"ಕುಂದ್ರಾಕ ಜಾಗಾನ ಇಲ್ಲಲ್ಲ ಅಣ್ಣಾ ಇದರಾಗ."

ನಾನು ಅವನನ್ನೇ ನೋಡಿದೆ. ಪಂಚಮ ಅಂದರೆ ಅದೇ. ಷಡ್ಜ ಬಿಟ್ಟರೆ ರಾಗ ಹೋಗಿ ಕೂರುವ ಜಾಗ, ಕದಲದ ಸ್ವರ. ಅದನ್ನು ತೆಗೆದುಹಾಕಿದ್ದಾರೆ. ಅವನಿಗೆ ಪಂಚಮ ಅನ್ನುವ ಮಾತೇ ಗೊತ್ತಿಲ್ಲ. ಇಲ್ಲದ ಸ್ವರ ಅವನಿಗೆ ಕೇಳಿಸಿತ್ತು.

ಇದನ್ನು ವಿಶ್ಲೇಷಣೆ ಅನ್ನದೆ ಏನನ್ನಬೇಕು? ಅವನು ತಿಳಿಯದೆ ತಲೆ ತೂಗಿದವನೋ, ತಿಳಿದು ತಲೆ ತೂಗಿದವನೋ? ಧಾರವಾಡದ ಆ ಹಿರಿಯರು ಸಿಕ್ಕರೆ ನಾನು ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ ಇದನ್ನು ಅವರ ಮುಂದೆ ಇಡುತ್ತೇನೆ. ಅವರಿಗೆ ರಾಗದ ಮೇಲೆ ಅಷ್ಟು ಕಾಳಜಿ ಇರುವುದಕ್ಕೇ ತಾನೆ ಆ ಮಾತು ಬಂದದ್ದು. ಆದರೆ ಆ ಮಾತು ಒಬ್ಬ ಕೇಳುಗನನ್ನು ಒಂದು ವರ್ಷ ಕಿವುಡು ಮಾಡಿತು ಅನ್ನುವುದೂ ಅವರಿಗೆ ಗೊತ್ತಾಗಬೇಕು.

ಬೆಳಗಿನ ಬಸ್ಸಿನಲ್ಲಿ ಬರುವಾಗ ಹುಡುಗ ಆ ಎರಡು ಮಧ್ಯಮಗಳನ್ನು ಗುನುಗುತ್ತಲೇ ಇದ್ದ. ಸರಿಯಾಗಿ ಬರುತ್ತಿರಲಿಲ್ಲ. ಹಳೇ ಬಸ್ ನಿಲ್ದಾಣದಲ್ಲಿ ಇಳಿದು ಚಾ ಕುಡಿಯುವಾಗ ಕೇಳಿದ, "ಅದೇನಿತ್ತು ಅಣ್ಣಾ ಕಡೀಕ ಹಾಡಿದ್ದು?" ಹೇಳಿದೆ. ಪಂಚಮದ ವಿಷಯವನ್ನೂ ಹೇಳಿದೆ. ಕೈಯಲ್ಲಿ ಚಾ ಹಿಡಿದುಕೊಂಡೇ ನಿಂತಿದ್ದ, ಆರಿ ಹೋಯಿತು.

ಈಗ ಮಂಗಳವಾರ ನಾವಿಬ್ಬರೂ ಕ್ಲಾಸಿಗೆ ಹೋಗುತ್ತೇವೆ. ಗೋಡೆ ಮೇಲಿನ ಥಾಟ್ ಪಟ್ಟಿ ಅಲ್ಲೇ ಇದೆ, ತೆಗೆದಿಲ್ಲ. ನೋಟ್‌ಬುಕ್ ಬರೆಯುವ ರೀತಿ ಬದಲಾಗಿದೆ. ಮೊದಲು ಕೇಳುತ್ತೇನೆ, ಮತ್ತೆ ಕೇಳುತ್ತೇನೆ. ಯಾವುದಾದರೂ ಒಂದು ಜಾಗ ಕಾಡಿದರೆ, ಅಡುಗೆಮನೆಯಲ್ಲಿ ನೀರು ಕುಡಿಯುವಾಗಲೂ ಅದೇ ನೆನಪಾದರೆ, ಆಗ ಆ ಒಂದು ಜಾಗವನ್ನು ಮಾತ್ರ ಬರೆದುಕೊಂಡು ಸರ್ ಮುಂದೆ ಇಡುತ್ತೇನೆ. ವರ್ಷಕ್ಕೆ ಹತ್ತು ಪುಟ ತುಂಬಿದರೆ ಜಾಸ್ತಿ.

ಸದ್ಯ ಕಾಡುತ್ತಿರುವುದು ಮನ್ಸೂರರ ಒಂದು ಧ್ವನಿಮುದ್ರಣ. ತೀನತಾಲ. ಅದರಲ್ಲಿ ಒಂದು ಕಡೆ ತಾನ್ ಎಷ್ಟು ಉದ್ದ ಹೋಗುತ್ತದೆ ಅಂದರೆ ನಾನು ಪ್ರತಿ ಸಲ ಲೆಕ್ಕ ಕಳೆದುಕೊಳ್ಳುತ್ತೇನೆ. ಸಮ್ ಬಂದು ಬಿದ್ದಾಗಲೇ ಎಲ್ಲಿದ್ದೇನೆ ಅಂತ ಗೊತ್ತಾಗುವುದು. ಆ ತಾನ್ ಮುಗಿದು ಚೀಜಿನ ಮಾತು ಏಳುವುದು 12ನೇ ಮಾತ್ರೆಯಿಂದ ಅಂತ ಹುಡುಗ, 13ರಿಂದ ಅಂತ ನಾನು. ನಿನ್ನೆ ಅಂಗಡಿ ಬಾಗಿಲು ಹಾಕಿದ ಮೇಲೆ ಹಿಂದೆ ತಿರುಗಿಸಿ ತಿರುಗಿಸಿ ಕೇಳಿದೆವು. ಅವನು ಸುತ್ತಿಗೆಯಿಂದ ಮೇಜು ತಟ್ಟಿದ, ನಾನು ಬೆರಳು ಎಣಿಸಿದೆ. ಇತ್ಯರ್ಥ ಆಗಲಿಲ್ಲ. ನಾಡಿದ್ದು ಮಂಗಳವಾರ, ಫೋನ್ ಪೂರ್ತಿ ಚಾರ್ಜ್ ಮಾಡಿಕೊಂಡು ಹೋಗಬೇಕು.